ಗಾಳದ ರಾಡಿನ ಎಪಾಕ್ಸಿ ಕೈಕೊಟ್ಟಾಗ: ಅಳತೆ ಮತ್ತು ಬೆರೆಸುವಿಕೆಯ ದೋಷ ಪತ್ತೆ, ಪರಿಹಾರ

ಗೈಡ್‌ಗಳಿಗೆ, ಅಂದರೆ ಲೈನ್ ಹಾದುಹೋಗುವ ಉಂಗುರಗಳಿಗೆ, ದಾರ ಸುತ್ತಿ, ಮೇಲೆ ಎರಡು ಭಾಗದ ಎಪಾಕ್ಸಿ ಬಳಿದು, ರಾತ್ರಿಯಿಡೀ ಮೋಟರ್ ಮೇಲೆ ತಿರುಗಲು ಬಿಟ್ಟ ರಾಡನ್ನು ಬೆಳಿಗ್ಗೆ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅಥವಾ ಗಟ್ಟಿಯಾಗಿದೆ, ಆದರೆ ಮಸುಕು ಕವಿದಿದೆ, ಗುಳ್ಳೆ ನಿಂತಿವೆ, ಅಲ್ಲಲ್ಲಿ ಗುಳಿ ಬಿದ್ದಿವೆ. ಇಂಥ ಹೊತ್ತಿನಲ್ಲಿ ಮೊದಲು ಬೈಸಿಕೊಳ್ಳುವುದು ಬಾಟಲಿ. ನಿಜವಾಗಿ ಮಾಲೇ ಕೆಟ್ಟಿರುವುದು ಅಪರೂಪ. ಹೆಚ್ಚಿನ ದೋಷಗಳು ಹುಟ್ಟುವುದು ಸಿರಿಂಜಿಗೆ ಎಳೆಯುವುದರಿಂದ ಹಿಡಿದು ಕಲಸಿ ಮುಗಿಸುವವರೆಗಿನ ಐದಾರು ನಿಮಿಷಗಳಲ್ಲಿ. ಆ ಐದಾರು ನಿಮಿಷಗಳಲ್ಲಿ ಎಲ್ಲಿ ತಪ್ಪಿತು ಎಂಬುದರ ಗುರುತು ರಾಡಿನ ಮೇಲೂ ಕಪ್ಪಿನೊಳಗೂ ಉಳಿದಿರುತ್ತದೆ.

ಇಲ್ಲಿ ಹೇಳುವುದು ಫ್ಲೆಕ್ಸ್ ಕೋಟ್, ಥ್ರೆಡ್‌ಮಾಸ್ಟರ್‌ನಂಥ, ರೆಸಿನ್ ಮತ್ತು ಹಾರ್ಡ್‌ನರ್ ಎರಡನ್ನೂ ಸಮ ಗಾತ್ರದಲ್ಲಿ ಬೆರೆಸಬೇಕಾದ ರಾಡ್ ಫಿನಿಶ್‌ಗಳ ಬಗ್ಗೆ. ಬೇರೆ ಪ್ರಮಾಣದ ಮಾಲು ಬಳಸುವವರು ಲೇಬಲ್ಲಿನ ಲೆಕ್ಕವನ್ನೇ ಹಿಡಿಯಬೇಕು, ಉಳಿದ ಮಾತು ಹಾಗೆಯೇ ಅನ್ವಯಿಸುತ್ತದೆ.

ಮೊದಲು ಕಪ್ ನೋಡಿ

ಕಲಸಿ ಉಳಿದ ಎಪಾಕ್ಸಿಯನ್ನು ಎಸೆಯಬೇಡಿ. ಕಪ್ ಮೇಲೆ ದಿನಾಂಕ, ಕೋಣೆಯ ಉಷ್ಣಾಂಶ, ಕಲಸಿದ ವೇಳೆ ಬರೆದು ರಾಡಿನ ಪಕ್ಕದಲ್ಲೇ ಇಡಿ. ಮರುದಿನ ರಾಡನ್ನು ಮುಟ್ಟುವ ಮೊದಲು ಕಪ್ಪಿನಲ್ಲಿರುವುದನ್ನು ಉಗುರಿನಿಂದ ಒತ್ತಿ ನೋಡಿ.

ಕಪ್ಪಿನಲ್ಲಿರುವುದೂ ರಾಡಿನ ಮೇಲಿರುವುದೂ ಒಂದೇ ಸಮ ಮೆತ್ತಗಿದ್ದರೆ ಅಳತೆ ತಪ್ಪಿದೆ. ಕಪ್ಪಿನ ನಡುಭಾಗ ಗಟ್ಟಿ, ಗೋಡೆ ಮತ್ತು ತಳದ ಮೂಲೆ ಅಂಟು, ರಾಡಿನಲ್ಲೂ ಒಂದು ಗೈಡ್ ಸರಿ ಇನ್ನೊಂದು ಅಂಟು ಎನ್ನುವಂತಿದ್ದರೆ ಅಳತೆ ಸರಿಯಾಗಿತ್ತು, ಬೆರೆಸಿದ್ದು ಸಾಲಲಿಲ್ಲ. ಕಪ್ಪಿನಲ್ಲಿರುವುದು ಪೂರ್ತಿ ಗಟ್ಟಿ, ರಾಡ್ ಮಾತ್ರ ಎಲ್ಲ ಕಡೆ ಸ್ವಲ್ಪ ಅಂಟು ಎಂದರೆ ಚಳಿಯ ಕೆಲಸ. ಕಪ್ಪಿನಲ್ಲಿ ಒಟ್ಟಾಗಿರುವ ಎಪಾಕ್ಸಿ ತನ್ನದೇ ಕಾವಿನಿಂದ ಬೇಗ ಗಟ್ಟಿಯಾಗುತ್ತದೆ. ದಾರದ ಮೇಲಿನ ತೆಳು ಪದರಕ್ಕೆ ಆ ಕಾವು ಸಿಗುವುದಿಲ್ಲ, ಅದು ಕೋಣೆಯ ಬಿಸಿಯನ್ನೇ ನಂಬಿಕೊಂಡಿರುತ್ತದೆ. ಎರಡೂ ಗಟ್ಟಿ, ಆದರೆ ಮೇಲೆ ಮಾತ್ರ ಜಿಡ್ಡು ಜಿಡ್ಡಾದ ಮಸುಕು ಇದ್ದರೆ ಗಾಳಿಯ ತೇವ ಕಾರಣ.

ಇನ್ನೊಂದು ಸೂಚನೆ: ಅಂಟು ಉಳಿದಿರುವುದು ಕೊನೆಗೆ ಬಳಿದ ಒಂದೆರಡು ಗೈಡ್‌ಗಳಲ್ಲಿ ಮಾತ್ರವೇ? ಹಾಗಿದ್ದರೆ ಎಪಾಕ್ಸಿ ಸಾಲದೆ ಕಪ್ಪಿನ ಗೋಡೆ ಕೆರೆದು ಬಳಿದಿದ್ದಾರೆ. ಸರಿಯಾಗಿ ಬೆರೆಯದ ಭಾಗ ನಿಲ್ಲುವುದು ಅಲ್ಲೇ. ಎಷ್ಟೇ ಸಾಲದಿದ್ದರೂ ಕಪ್ ಕೆರೆದದ್ದನ್ನು ರಾಡಿಗೆ ಹಚ್ಚಬಾರದು.

ಅಳತೆ ತಪ್ಪುವ ಬಗೆಗಳು

ಫೈಬರ್‌ಗ್ಲಾಸ್ ಕೆಲಸ ಮಾಡಿದವರಿಗೆ ಒಂದು ಅಭ್ಯಾಸ ಇರುತ್ತದೆ. ಅಲ್ಲಿ ಬಳಸುವ ಪಾಲಿಯೆಸ್ಟರ್ ರೆಸಿನ್‌ಗೆ ಕೆಲವೇ ಹನಿ ಕ್ಯಾಟಲಿಸ್ಟ್ ಸಾಕು, ಇನ್ನೆರಡು ಹನಿ ಹೆಚ್ಚು ಹಾಕಿದರೆ ಬೇಗ ಹಿಡಿಯುತ್ತದೆ. ಅದೇ ಲೆಕ್ಕವನ್ನು ಎಪಾಕ್ಸಿಗೆ ತಂದರೆ ಕೆಲಸ ಕೆಟ್ಟ ಹಾಗೆಯೇ. ಎಪಾಕ್ಸಿಯ ಹಾರ್ಡ್‌ನರ್ ವೇಗ ಹೆಚ್ಚಿಸುವ ಮದ್ದಲ್ಲ. ಗಟ್ಟಿಯಾದ ಪದರದಲ್ಲಿ ಅದೂ ಒಂದು ಪಾಲು. ರೆಸಿನ್ನಿನ ಪ್ರತಿಯೊಂದು ಕೊಂಡಿಗೂ ಹಾರ್ಡ್‌ನರ್‌ನ ಒಂದು ಕೊಂಡಿ ಜೋಡಿಯಾಗಬೇಕು. ಯಾವುದು ಹೆಚ್ಚಾದರೂ ಅದಕ್ಕೆ ಜೋಡಿ ಸಿಗದೆ ಪದರದೊಳಗೆ ದ್ರವವಾಗಿಯೇ ಉಳಿಯುತ್ತದೆ. ರೆಸಿನ್ ಹೆಚ್ಚಾದರೆ ಸಾಮಾನ್ಯವಾಗಿ ಜಿಗುಟು ಉಳಿಯುತ್ತದೆ. ಹಾರ್ಡ್‌ನರ್ ಹೆಚ್ಚಾದರೆ ರಬ್ಬರಿನಂತೆ ಮೆತ್ತಗಾಗಿ ಮೇಲೆ ಜಿಡ್ಡು ಬರುತ್ತದೆ. ‘ಬೇಗ ಒಣಗಲಿ’ ಎಂದು ಒಂದು ಹನಿ ಜಾಸ್ತಿ ಹಾಕುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ಎರಡನೆಯದು ತೂಕ ಮತ್ತು ಗಾತ್ರದ ಗೊಂದಲ. ರೆಸಿನ್ ಭಾರ, ಹಾರ್ಡ್‌ನರ್ ಹಗುರ. ಕಾರ್ಖಾನೆಗಳಲ್ಲಿ ಬಳಸುವ ಅರಾಲ್ಡೈಟ್ ಎಡಬ್ಲ್ಯು 106 ರೆಸಿನ್ ಮತ್ತು ಎಚ್‌ವಿ 953 ಹಾರ್ಡ್‌ನರ್ ಜೋಡಿಯನ್ನೇ ನೋಡಿ: ಗಾತ್ರದಲ್ಲಿ 100ಕ್ಕೆ 100, ತೂಕದಲ್ಲಿ 100ಕ್ಕೆ 80. ಅದು ಅಂಟು, ಫಿನಿಶ್ ಅಲ್ಲ, ಆದರೆ ಲೆಕ್ಕದ ಬಗೆ ಒಂದೇ. ಗಾತ್ರದಲ್ಲಿ ಸಮ ಎಂದು ಬರೆದ ಮಾಲನ್ನು ತಕ್ಕಡಿಯಲ್ಲಿ ಸಮ ತೂಗಿದರೆ ಹಾರ್ಡ್‌ನರ್ ಹೆಚ್ಚು ಬಿದ್ದಂತೆ.

ತಕ್ಕಡಿಯೇ ಅನುಕೂಲ ಎನ್ನುವವರು ತಮ್ಮ ಬಾಟಲಿಗಳ ಲೆಕ್ಕವನ್ನು ಒಮ್ಮೆ ತೆಗೆದಿಟ್ಟುಕೊಳ್ಳಿ. ರೆಸಿನ್ 10 ಸಿಸಿ ಅಳೆದು ತೂಗಿ, ಹಾರ್ಡ್‌ನರ್ 10 ಸಿಸಿ ಅಳೆದು ತೂಗಿ. ಉದಾಹರಣೆಗೆ 11.5 ಗ್ರಾಂ ಮತ್ತು 9.8 ಗ್ರಾಂ ಬಂತು ಎಂದುಕೊಳ್ಳಿ. ಆಗ 3.45 ಗ್ರಾಂ ರೆಸಿನ್‌ಗೆ ಬೇಕಾದ ಹಾರ್ಡ್‌ನರ್ 2.94 ಗ್ರಾಂ. ಅದರ ಬದಲು 3.45 ಗ್ರಾಂ ಹಾಕಿದರೆ ಶೇಕಡ 17ರಷ್ಟು ಹೆಚ್ಚು, ಪದರ ಗಟ್ಟಿಯಾಗುವ ಆಸೆ ಬಿಡಬಹುದು. ತಕ್ಕಡಿ 0.01 ಗ್ರಾಂ ತೋರಿಸುವಂಥದ್ದಾಗಿರಬೇಕು. 1 ಗ್ರಾಂ ಮೆಟ್ಟಿಲಿನ ಅಡುಗೆಮನೆ ತಕ್ಕಡಿಯಲ್ಲಿ 3 ಗ್ರಾಂ ತೂಗುವುದು ಕಣ್ಣಳತೆಗಿಂತ ಮೇಲೇನಲ್ಲ.

ಮೂರನೆಯದು ತೀರ ಕಡಿಮೆ ಕಲಸುವುದು. ಮಾಲು ದುಬಾರಿ ಎಂದು 1 ಸಿಸಿಗೆ 1 ಸಿಸಿ ಕಲಸಿದರೆ, ಸಿರಿಂಜಿನಲ್ಲಿ 0.2 ಸಿಸಿ ಆಚೀಚೆಯಾದರೂ ಅದು ಶೇಕಡ 20ರ ತಪ್ಪು. 3 ಸಿಸಿ ತೆಗೆದುಕೊಂಡರೆ ಅದೇ ಕೈತಪ್ಪು ಶೇಕಡ 7ಕ್ಕೆ ಇಳಿಯುತ್ತದೆ. ಹಾಗಾಗಿ ಒಂದೇ ಗೈಡ್ ರಿಪೇರಿ ಇದ್ದರೂ ತಲಾ 3 ಸಿಸಿಗಿಂತ ಕಡಿಮೆ ಕಲಸಬೇಡಿ. ತಲಾ 3 ಸಿಸಿ ಎಂದರೆ 7 ಅಡಿಯ ಸ್ಪಿನ್ನಿಂಗ್ ರಾಡಿನ ಎಲ್ಲ ಗೈಡ್‌ಗಳಿಗೆ ಒಂದು ತೆಳು ಪದರ ಬಳಿದರೂ ಉಳಿಯುತ್ತದೆ. ಉಳಿದದ್ದು ವ್ಯರ್ಥವಲ್ಲ, ನಾಳೆ ನೋಡಬೇಕಾದ ಕಪ್ ಅದೇ.

ಇನ್ನು ಸಿರಿಂಜ್ ಹಿಡಿಯುವ ಬಗೆ. ಇದನ್ನು ಎಷ್ಟು ವಿವರವಾಗಿ ಹೇಳಿದರೂ ಹೆಚ್ಚಲ್ಲ. ಬಾಟಲಿಗಳನ್ನು ಮುಚ್ಚಳ ಬಿಗಿದು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಒಳಗಿನ ದ್ರವ 27ರಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಸಾಕು. ಮುಚ್ಚಳ ತೆಗೆಯುವ ಮೊದಲು ಹೊರಗಿನ ನೀರನ್ನು ಪೂರ್ತಿ ಒರೆಸಿ. ರೆಸಿನ್‌ಗೊಂದು, ಹಾರ್ಡ್‌ನರ್‌ಗೊಂದು ಸಿರಿಂಜ್ ಇಟ್ಟು ಮಾರ್ಕರಿನಿಂದ ಗುರುತು ಹಾಕಿ. ಅದಲುಬದಲಾದರೆ ಸಿರಿಂಜೂ ಹಾಳು, ಬಾಟಲಿಯ ಬಾಯಿಯೂ ಅಂಟಿ ಹೋಗುತ್ತದೆ. ಮುಚ್ಚಳಗಳ ವಿಷಯವೂ ಅಷ್ಟೇ.

ರೆಸಿನ್ ಮಂದ ಇರುವುದರಿಂದ ಪಿಸ್ಟನ್ ಎಳೆದ ಮೇಲೂ ಕೆಲವು ಸೆಕೆಂಡು ಒಳಗೆ ಹರಿಯುತ್ತಲೇ ಇರುತ್ತದೆ. ನಿಧಾನವಾಗಿ ಎಳೆದು ಅರ್ಧ ನಿಮಿಷ ಹಾಗೆಯೇ ಹಿಡಿಯಿರಿ. 3 ಸಿಸಿ ಬೇಕಾದರೆ 4 ಸಿಸಿಗಿಂತ ಸ್ವಲ್ಪ ಮೇಲಕ್ಕೆ ಎಳೆಯಿರಿ. ಮೂತಿ ಮೇಲೆ ಮಾಡಿ ಬೆರಳಿನಿಂದ ತಟ್ಟಿ, ಗಾಳಿಗುಳ್ಳೆ ಮೇಲೆ ಬಂದ ಮೇಲೆ ಒತ್ತಿ ಹೊರಹಾಕಿ, ಪಿಸ್ಟನ್ ಸರಿಯಾಗಿ 4ರ ಗೆರೆಗೆ ತನ್ನಿ. ಮೂತಿಯ ಹೊರಗೆ ಅಂಟಿದ್ದನ್ನು ಒರೆಸಿ. ಈಗ 4ರಿಂದ 1ರ ಗೆರೆಯವರೆಗೆ ಕಪ್ಪಿಗೆ ಒತ್ತಿ. ಗೆರೆಯಿಂದ ಗೆರೆಗೆ ಅಳೆದರೆ ಮೂತಿಯೊಳಗೆ ಉಳಿಯುವ ಮಾಲಿನ ಲೆಕ್ಕ ತಪ್ಪುವ ಪ್ರಶ್ನೆಯೇ ಇಲ್ಲ. ಸಿರಿಂಜಿನ ಬುಡದವರೆಗೆ ಒತ್ತುವವರ ಅಳತೆ ತಪ್ಪುವುದು ಮುಖ್ಯವಾಗಿ ಒಳಗೆ ಸಿಕ್ಕ ಗುಳ್ಳೆಯಿಂದ: ಸಿರಿಂಜ್ 3 ಸಿಸಿ ಎನ್ನುತ್ತದೆ, ಅದರಲ್ಲಿ ಕಾಲು ಸಿಸಿ ಗಾಳಿ.

ಔಷಧದ ಅಂಗಡಿಯ ಸಿರಿಂಜಿನ ಪಿಸ್ಟನ್ ತುದಿಯಲ್ಲಿ ಕಪ್ಪು ರಬ್ಬರ್ ಇರುತ್ತದೆ. ಅದು ಸಲೀಸಾಗಿ ಜಾರಲೆಂದು ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ಆ ಎಣ್ಣೆಯ ಲವಲೇಶ ಸೇರಿದರೂ ಫಿನಿಶ್ ಗುಳಿ ಬೀಳುತ್ತದೆ. ರಬ್ಬರಿಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಎರಡು ತುಂಡಿನ ಸಿರಿಂಜ್ ಹುಡುಕಿ ತನ್ನಿ.

ಕೊನೆಯದಾಗಿ, ಕರಕುಶಲ ಸಾಮಗ್ರಿಗಳ ಅಂಗಡಿಯ ಆರ್ಟ್ ರೆಸಿನ್. ಇದನ್ನು ರಾಡಿಗೆ ಬಳಸುವವರಿದ್ದಾರೆ. ಅದರಲ್ಲಿ 2:1, 3:1 ಪ್ರಮಾಣದ್ದೂ ಇವೆ, ಕೆಲವಕ್ಕೆ ಲೆಕ್ಕ ತೂಕದಲ್ಲಿ. 1:1 ಕೈಗೆ ಅಭ್ಯಾಸವಾದವರು ಲೇಬಲ್ ಓದದೆ ಕಲಸಿದರೆ ಎಂದೂ ಗಟ್ಟಿಯಾಗದು. ಗಟ್ಟಿಯಾದರೂ ಟೇಬಲ್ಲಿಗೆಂದು ಮಾಡಿದ ಆ ಪದರ ಬಾಗುವುದಕ್ಕೆ ಹೇಳಿಮಾಡಿಸಿದ್ದಲ್ಲ, ಮೀನು ಎಳೆದಾಗ ರಾಡ್ ಬಾಗುವ ಕಡೆಯಲ್ಲೇ ಬಿರುಕು ಬಿಡಬಹುದು.

ಬೆರೆಸುವಾಗ

ಬೆರೆಸುವ ದೋಷದ ಗುರುತು ಒಂದೇ: ಗಟ್ಟಿ ಮತ್ತು ಅಂಟು ಅಕ್ಕಪಕ್ಕದಲ್ಲೇ ಇರುವುದು. ಕೆಲವೊಮ್ಮೆ ಒಂದೇ ಗೈಡಿನ ಸುತ್ತಿನಲ್ಲಿ, ಬೆರಳ ತುದಿಯಷ್ಟು ಜಾಗ ಮಾತ್ರ ಜಿಗುಟಾಗಿರುತ್ತದೆ.

ಕಪ್ ಪ್ಲಾಸ್ಟಿಕ್ಕಿನದ್ದು, ಒಳಗೆ ನುಣುಪಾಗಿ, ತಳದಲ್ಲಿ ತಗ್ಗುಗೆರೆ ಇಲ್ಲದ್ದು ಇರಲಿ. ಮೇಣ ಸವರಿದ ಕಾಗದದ ಲೋಟ ಬೇಡ, ಕೆರೆದಾಗ ಮೇಣವೂ ಬೆರೆಯುತ್ತದೆ. ಕಡ್ಡಿಗೆ ಚಪ್ಪಟೆ ಅಂಚಿರಬೇಕು, ಗೋಡೆ ಕೆರೆಯಲು ಅದೇ ಬೇಕು. ಐಸ್‌ಕ್ರೀಮಿನ ಮರದ ಕಡ್ಡಿ ತನ್ನ ರಂಧ್ರಗಳಲ್ಲಿ ಗಾಳಿಯನ್ನೂ ತೇವವನ್ನೂ ಹೊತ್ತು ತರುತ್ತದೆ. ಸ್ಟೀಲಿನ ಪಟ್ಟಿ ಅಥವಾ ಗಟ್ಟಿ ಪ್ಲಾಸ್ಟಿಕ್ ಕಡ್ಡಿ ಒಳ್ಳೆಯದು.

ಮೊಟ್ಟೆ ಕಡೆದ ಹಾಗೆ ಕಡೆಯಬೇಡಿ. ಕಡ್ಡಿಯನ್ನು ದ್ರವದಿಂದ ಮೇಲೆತ್ತದೆ ನಿಧಾನವಾಗಿ ಸುತ್ತಿಸಿ. ಶುರುವಿನಲ್ಲಿ ಒಳಗೆ ನೂಲಿನಂಥ ಎಳೆಗಳು ಕಾಣುತ್ತವೆ, ದೀಪಕ್ಕೆ ಹಿಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಎರಡು ನಿಮಿಷದಲ್ಲಿ ಆ ಎಳೆಗಳು ಮಾಯವಾಗುತ್ತವೆ. ಹೆಚ್ಚಿನವರು ನಿಲ್ಲಿಸುವುದು ಅಲ್ಲೇ, ಜಿಗುಟು ಉಳಿಯುವುದೂ ಅದರಿಂದಲೇ. ನಡುವಿನದ್ದು ಬೆರೆತಿದೆ, ಗೋಡೆಯದ್ದು ಬೆರೆತಿಲ್ಲ. ಗೋಡೆ ಕೆರೆಯಿರಿ, ತಳದ ಮೂಲೆ ಕೆರೆಯಿರಿ, ಕಡ್ಡಿಗೆ ಅಂಟಿದ್ದನ್ನೂ ಕಪ್ಪಿನ ಅಂಚಿಗೆ ಒರೆಸಿ ಒಳಗೆ ಸೇರಿಸಿ, ಮತ್ತೆರಡು ನಿಮಿಷ. ನಂತರ ಅಷ್ಟನ್ನೂ ಇನ್ನೊಂದು ಚೊಕ್ಕ ಕಪ್ಪಿಗೆ ಸುರಿದು, ಬೇರೆ ಕಡ್ಡಿಯಿಂದ ಒಂದು ನಿಮಿಷ ಬೆರೆಸಿ. ಮೊದಲ ಕಪ್ಪಿನ ಗೋಡೆಯದ್ದನ್ನು ಕೆರೆದು ತರಬೇಡಿ, ಅಲ್ಲೇ ಬಿಡಿ. ಎರಡು ಕಪ್ಪಿನ ಈ ಪದ್ಧತಿಯೊಂದನ್ನು ಹಿಡಿದರೆ ತೇಪೆ ತೇಪೆ ಜಿಗುಟಿನ ದೂರು ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಬೆರೆತ ಮೇಲೆ ಕಪ್ಪಿನಲ್ಲಿ ಇಟ್ಟುಕೊಂಡು ಕೂರಬೇಡಿ. ಅಲ್ಯೂಮಿನಿಯಂ ಫಾಯಿಲನ್ನು ತಟ್ಟೆಯ ಹಾಗೆ ಮಡಚಿ ಅದಕ್ಕೆ ಸುರಿಯಿರಿ. ತೆಳುವಾಗಿ ಹರಡಿಕೊಂಡಾಗ ಗುಳ್ಳೆ ತಾನಾಗಿ ಒಡೆಯುತ್ತವೆ, ಕಾವು ಚದುರಿ ಹೋಗುವುದರಿಂದ ಬಳಿಯಲು ಹೆಚ್ಚು ಸಮಯವೂ ಸಿಗುತ್ತದೆ. ನೋಡಿಕೊಳ್ಳಬೇಕಾದ ಕಪ್ಪಿಗೆಂದು ಸ್ವಲ್ಪ ಉಳಿಸಿದರೆ ಸಾಕು.

ಹಾರ್ಡ್‌ನರ್ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹುಟ್ಟಿಸುತ್ತದೆ, ಒಮ್ಮೆ ಹುಟ್ಟಿದ್ದು ಹೋಗುವುದು ಕಷ್ಟ. ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಕೈಗೆ ತಾಗಿದರೆ ಸೋಪು ನೀರಿನಿಂದ ತೊಳೆಯಿರಿ. ತಿನ್ನರ್ ಹಚ್ಚಿ ಒರೆಸಿದರೆ ಅದು ಚರ್ಮದೊಳಗೆ ಇನ್ನಷ್ಟು ಇಳಿಯುತ್ತದೆ.

ಅಂಟು ಉಳಿದ ರಾಡಿಗೆ ಏನು ಮಾಡುವುದು

ಆತುರ ಬೇಡ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಉಷ್ಣಾಂಶ 15 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಈ ಫಿನಿಶ್‌ಗಳಿಗೆ ಹಿತವಾದದ್ದು 21ರಿಂದ 27 ಡಿಗ್ರಿ. ಹತ್ತು ಡಿಗ್ರಿ ಇಳಿದರೆ ಗಟ್ಟಿಯಾಗುವ ವೇಗ ಸುಮಾರು ಅರ್ಧಕ್ಕೆ ಬರುತ್ತದೆ. ಚಳಿಗೆ ಅಂಟಾಗಿರುವ ರಾಡಿಗೆ ಬೇಕಾದದ್ದು ಬಿಸಿ ಮತ್ತು ಸಮಯ. ಉದ್ದದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಗೆಯ ಫಿಲಮೆಂಟ್ ಬಲ್ಬ್ ಉರಿಸಿ, ಬಲ್ಬ್ ರಟ್ಟಿಗಾಗಲಿ ರಾಡಿಗಾಗಲಿ ತಾಗದಂತೆ ದೂರ ಇಟ್ಟು, ಥರ್ಮಾಮೀಟರ್ ನೋಡಿಕೊಂಡು 35 ಡಿಗ್ರಿಯಲ್ಲಿ ಒಂದು ದಿನ ಇಡಿ. ಪಕ್ಕದಲ್ಲಿ ಯಾರಾದರೂ ಇರುವಾಗ ಮಾತ್ರ ಇದನ್ನು ಮಾಡಿ.

ಒಂದೆರಡು ದಿನದ ಬಿಸಿಯ ಮೇಲೂ ತೇಪೆ ತೇಪೆಯಾಗಿ ಅಂಟು ಉಳಿದರೆ, ಜಿಗುಟಾದ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಟ್ಟು, ಸರಿಯಾಗಿ ಅಳೆದು ಬೆರೆಸಿದ ಎರಡನೇ ಪದರ ಬಳಿಯಿರಿ. ಕೆಳಗಿನ ಅಲ್ಪ ಜಿಗುಟು ಮೇಲಿನ ಗಟ್ಟಿ ಪದರದೊಳಗೆ ಮುಚ್ಚಿಹೋಗುತ್ತದೆ. ಹ್ಯಾಂಡ್ ಸ್ಯಾನಿಟೈಸರ್ ಇದಕ್ಕೆ ಆಗದು, ಅದರಲ್ಲಿ ಗ್ಲಿಸರಿನ್ ಇರುತ್ತದೆ.

ಆದರೆ ಇಡೀ ಪದರವೇ ಉಗುರು ಇಳಿಯುವಷ್ಟು ಮೆತ್ತಗಿದ್ದರೆ, ಅದರ ಮೇಲೆ ಎಷ್ಟು ಪದರ ಬಳಿದರೂ ಪ್ರಯೋಜನವಿಲ್ಲ. ಕೀಳಲೇಬೇಕು. ಅದರ ಬಗೆಯನ್ನು ಕೊನೆಯಲ್ಲಿ ಹೇಳಿದೆ.

ಗುಳ್ಳೆ

ಪದರದ ತುಂಬ ಸಾಸಿವೆಗಿಂತ ಸಣ್ಣ ಗುಳ್ಳೆ ಹರಡಿದ್ದರೆ ಬೆರೆಸುವಾಗ ಸೇರಿದ ಗಾಳಿ ಅಥವಾ ತಣ್ಣನೆಯ ರೆಸಿನ್ ಕಾರಣ. ಗುಳ್ಳೆ ಬರೀ ಗೈಡಿನ ಪಾದದ (ದಾರದಡಿ ಕೂರುವ ಲೋಹದ ತುದಿಯ) ಅಕ್ಕಪಕ್ಕದಲ್ಲಿದ್ದರೆ, ಪಾದ ಮತ್ತು ದಾರದ ನಡುವಿನ ಸುರಂಗದಲ್ಲಿ ಸಿಕ್ಕ ಗಾಳಿ ಹೊರಬರುತ್ತಿದೆ ಎಂದರ್ಥ. ಮೊದಲ ಪದರ ಬಳಿಯುವಾಗ ಆ ಸುರಂಗದ ಒಂದು ಬಾಯಿಂದ ಎಪಾಕ್ಸಿ ತುಂಬುತ್ತ, ಇನ್ನೊಂದು ಬಾಯಲ್ಲಿ ಕಾಣಿಸಿಕೊಳ್ಳುವವರೆಗೆ ಕಾಯಿರಿ. ಸಮುದ್ರದಲ್ಲಿ ಗಾಳ ಹಾಕುವವರ ರಾಡಿಗೆ ಇದು ಅಂದದ ಮಾತಷ್ಟೇ ಅಲ್ಲ. ಮಲ್ಪೆಯ ಬಂಡೆಗಳ ಮೇಲಿನ ಉಪ್ಪುನೀರು ಆ ಸುರಂಗದೊಳಗೆ ಹೊಕ್ಕರೆ ಗೈಡಿನ ಪಾದ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಹಸಿ ಪದರದ ಗುಳ್ಳೆಗೆ ಸ್ಪಿರಿಟ್ ದೀಪ ಒಳ್ಳೆಯ ಮದ್ದು. ರಾಡ್ ತಿರುಗುತ್ತಿರುವಾಗ ಜ್ವಾಲೆಯನ್ನು ಎರಡು ಮೂರು ಸೆಂಟಿಮೀಟರ್ ಕೆಳಗೆ ಹಿಡಿದು ಒಂದೆರಡು ಸೆಕೆಂಡಿನಲ್ಲಿ ದಾಟಿಸಿ, ನಿಲ್ಲಿಸಬೇಡಿ. ಬಿಸಿಗೆ ಎಪಾಕ್ಸಿ ನೀರಾಗಿ ಗುಳ್ಳೆ ಮೇಲೆ ಬಂದು ಒಡೆಯುವುದು ಕಣ್ಣಿಗೇ ಕಾಣುತ್ತದೆ. ಲೈಟರಿನ ಹಳದಿ ಜ್ವಾಲೆ ಮಸಿ ಹಿಡಿಸುತ್ತದೆ. ಆಲ್ಕೋಹಾಲ್ ಬಾಟಲಿಯನ್ನು ಮೊದಲೇ ದೂರ ಇಡಿ. ಬಾಯಿಂದ ಊದುವ ಪದ್ಧತಿಯೂ ಇದೆ, ಆದರೆ ಉಸಿರಿನ ತೇವ ಮುಂದೆ ಹೇಳುವ ಮಸುಕಿಗೆ ದಾರಿ. ಗಟ್ಟಿಯಾದ ಮೇಲೆ ಕಂಡ ಗುಳ್ಳೆಯನ್ನು ಸೂಜಿಯಿಂದ ತೆರೆದು, 600 ನಂಬರ್ ಸ್ಯಾಂಡ್‌ಪೇಪರಿನಿಂದ ದಾರ ತಾಗದಂತೆ ಉಜ್ಜಿ, ಎರಡನೇ ಪದರದಲ್ಲಿ ತುಂಬಿ.

ಗುಳಿ

ಬಳಿದ ಕೆಲವೇ ನಿಮಿಷದಲ್ಲಿ ಎಪಾಕ್ಸಿ ಒಂದು ಚುಕ್ಕಿಯಿಂದ ದೂರ ಸರಿದು, ದಾರ ಬರಿದಾಗಿ ಕಂಡರೆ ಅಲ್ಲಿ ಎಣ್ಣೆ ಅಥವಾ ಸಿಲಿಕೋನ್ ಇದೆ. ಸಿರಿಂಜಿನ ಮಾತು ಆಗಲೇ ಬಂತು. ಎಲ್ಲ ಗೈಡ್‌ಗಳಲ್ಲೂ ಗುಳಿ ಇದ್ದರೆ ಸಿರಿಂಜ್, ಕಪ್ ಅಥವಾ ಕುಂಚವನ್ನು ಅನುಮಾನಿಸಿ. ಒಂದೆರಡು ಕಡೆ ಮಾತ್ರ ಇದ್ದರೆ ನಿಮ್ಮ ಕೈಯನ್ನು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಅದೇ ಕೈಯಲ್ಲಿ ದಾರ ಸುತ್ತಿದರೆ, ಇಲ್ಲವೇ ರೀಲಿಗೆ ಎಣ್ಣೆ ಬಿಟ್ಟು ಕೈ ತೊಳೆಯದೆ ಬಂದರೆ ಹೀಗಾಗುತ್ತದೆ. ಹಸಿಯಾಗಿರುವಾಗ ಇನ್ನಷ್ಟು ಎಪಾಕ್ಸಿ ಹಾಕಿ ಮುಚ್ಚಲು ಹೋದರೆ ಗುಳಿಯ ಸುತ್ತ ದಿಬ್ಬ ಬೆಳೆಯುತ್ತದೆ, ಅಷ್ಟೇ. ಗಟ್ಟಿಯಾಗಲು ಬಿಡಿ, ಉಜ್ಜಿ, ಆಲ್ಕೋಹಾಲಿನಿಂದ ಒರೆಸಿ, ಇನ್ನೊಂದು ಪದರ ಕೊಡಿ.

ಮಸುಕು

ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಜಿಡ್ಡು ಬಟ್ಟೆಗೆ ಬಂದು ಕೆಳಗೆ ಹೊಳಪು ಕಂಡರೆ, ಅದು ಹಾರ್ಡ್‌ನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಕಟ್ಟಿದ ಪೊರೆ. ಮಳೆಗಾಲದ ಮಂಗಳೂರು, ಉಡುಪಿಯಲ್ಲಿ ಗಾಳಿಯ ತೇವ ಶೇಕಡ 85 ದಾಟುವ ದಿನಗಳಲ್ಲಿ ಇದು ಸಾಮಾನ್ಯ, ಜೊತೆಗೆ ಹಾರ್ಡ್‌ನರ್ ಹೆಚ್ಚಾಗಿದ್ದರೆ ಇನ್ನೂ ದಪ್ಪ. ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ತೊಳೆಯದೆ ಎರಡನೇ ಪದರ ಬಳಿದರೆ ಅದು ಹಿಡಿಯದೆ ಮುಂದೊಂದು ದಿನ ಎದ್ದುಬರುತ್ತದೆ. ಬಾಗಿಲು ಮುಚ್ಚಿ, ಏಸಿ ಅಥವಾ ಡಿಹ್ಯುಮಿಡಿಫೈಯರ್ ಹಾಕಿ, ಅದಾಗದಿದ್ದರೆ ಮಳೆ ಬಿಟ್ಟ ಮಧ್ಯಾಹ್ನ ಬಳಿಯಿರಿ.

ಒರೆಸಿದರೂ ಹೋಗದ ಮಸುಕು ಒಳಗಿನದ್ದು. ಮಸೂರದಲ್ಲಿ ನೋಡಿದಾಗ ಚುಕ್ಕಿ ಚುಕ್ಕಿ ಕಂಡರೆ ಸೂಕ್ಷ್ಮ ಗುಳ್ಳೆ. ಹಾಲಿನಂತೆ ಒಂದೇ ಸಮ ಇದ್ದರೆ ದಾರದ ಬಣ್ಣ ಕಾಯಲೆಂದು ಎಪಾಕ್ಸಿಗೆ ಮೊದಲು ಹಚ್ಚಿದ ದ್ರಾವಣ ಪೂರ್ತಿ ಒಣಗುವ ಮೊದಲೇ ಬಳಿದದ್ದು, ಅಥವಾ ತೆಳು ಮಾಡಲೆಂದು ಎಪಾಕ್ಸಿಗೆ ಆಲ್ಕೋಹಾಲ್ ಬೆರೆಸಿದ್ದು. ಎಪಾಕ್ಸಿ ತೆಳುವಾಗಬೇಕಾದರೆ ಬಾಟಲಿ ಬೆಚ್ಚಗೆ ಮಾಡಿ, ದ್ರಾವಕ ಬೇಡ.

ಇನ್ನು ಸಣ್ಣಪುಟ್ಟವು

ರೆಸಿನ್ ಬಾಟಲಿಯ ತಳದಲ್ಲಿ ಸಕ್ಕರೆಯಂಥ ಬಿಳಿ ಹರಳು ಕಂಡರೆ ಎಸೆಯಬೇಡಿ. ಚಳಿಗೆ ಹರಳುಗಟ್ಟಿದೆ. 50 ಡಿಗ್ರಿಯ ನೀರಿನಲ್ಲಿ ಪೂರ್ತಿ ತಿಳಿಯಾಗುವವರೆಗೆ ಇಟ್ಟು, ಆರಿಸಿ ಬಳಸಿ. ಹರಳಿರುವಾಗಲೇ ಅಳೆದರೆ ಅಳತೆಯೂ ಸುಳ್ಳು, ಪದರವೂ ಮರಳು ಮರಳು. ಹಳೆಯ ಹಾರ್ಡ್‌ನರ್ ಹಳದಿಗೆ ತಿರುಗಿದ್ದರೂ ಹೆಚ್ಚಾಗಿ ಕೆಲಸ ಮಾಡುತ್ತದೆ, ಬಿಳಿ ದಾರದ ಮೇಲೆ ಮಾತ್ರ ಬಣ್ಣ ಕಾಣುತ್ತದೆ. ಬೇಸಿಗೆಯ ಬಳ್ಳಾರಿಯಲ್ಲಿ 20 ನಿಮಿಷಕ್ಕೆ ಮೊದಲೇ ಎಪಾಕ್ಸಿ ನೂಲೆಳೆಯಲು ಶುರುವಾದರೆ ಅದನ್ನು ಬಿಟ್ಟುಬಿಡಿ, ಮುಂದಿನ ಬಾರಿ ಬಾಟಲಿ ಬಿಸಿ ಮಾಡದೆ ಬೆಳಗಿನ ಹೊತ್ತು ಬಳಿಯಿರಿ. ಪದರ ನಡುವೆ ಉಬ್ಬಿ, ಅಥವಾ ಒಂದು ಮಗ್ಗುಲಿಗೆ ಜೋತುಬಿದ್ದಿದ್ದರೆ ಅಳತೆಗೂ ಅದಕ್ಕೂ ಸಂಬಂಧವಿಲ್ಲ: ಬಳಿದದ್ದು ಹೆಚ್ಚು, ರಾಡ್ ಮಟ್ಟವಾಗಿಲ್ಲ ಅಥವಾ ಮೋಟರ್ ನಿಂತಿದೆ. ನಿಮಿಷಕ್ಕೆ 9ರಿಂದ 18 ಸುತ್ತಿನ ಮೋಟರ್ ಸಾಕು.

ಕೀಳಬೇಕಾಗಿ ಬಂದಾಗ

ಹೇರ್ ಡ್ರೈಯರಿನಿಂದ ಬೆರಳು ತಡೆಯುವಷ್ಟು ಮಾತ್ರ ಬಿಸಿ ಮಾಡಿ. ಹೀಟ್ ಗನ್, ಜ್ವಾಲೆ ಎರಡೂ ಬೇಡ, ಬ್ಲ್ಯಾಂಕಿನ, ಅಂದರೆ ರಾಡಿನ ಬರಿಯ ಕೋಲಿನ, ಒಳಗಿನ ರೆಸಿನ್ನೇ ಸಡಿಲವಾದೀತು. ಹೊಸ ಬ್ಲೇಡನ್ನು ಗೈಡಿನ ಪಾದದ ಲೋಹದ ಮೇಲೆ ಚಪ್ಪಟೆಯಾಗಿಟ್ಟು, ಲೋಹ ಕಾಣುವವರೆಗೆ ಪದರವನ್ನೂ ದಾರವನ್ನೂ ಹೆರೆಯಿರಿ. ಬ್ಲೇಡ್ ಲೋಹದ ಆಚೆ ಬ್ಲ್ಯಾಂಕಿಗೆ ತಾಗಲೇಬಾರದು. ಕಾರ್ಬನ್ ಎಳೆಗೆ ಒಂದು ಗೀರು ಬಿದ್ದರೂ ಮುಂದೆ ರಾಡ್ ಮುರಿಯುವುದು ಅಲ್ಲೇ. ಪಾದ ಬಿಡಿಸಿಕೊಂಡ ಮೇಲೆ ಕತ್ತರಿಸಿದ ದಾರದ ತುದಿ ಹಿಡಿದು ಎಳೆದರೆ ಎಪಾಕ್ಸಿ ಸಮೇತ ಸುರುಳಿ ಬಿಚ್ಚಿಕೊಳ್ಳುತ್ತದೆ. ಉಳಿದ ಅಂಚನ್ನು ಮತ್ತೆ ಬೆಚ್ಚಗೆ ಮಾಡಿ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ತಳ್ಳಿ. ಬ್ಲ್ಯಾಂಕಿಗೆ ಸ್ಯಾಂಡ್‌ಪೇಪರ್ ಹಾಕಬೇಡಿ, ಅಸಿಟೋನ್ ಬೇಡ, ಮೇಲಿನ ಬಣ್ಣ ಕರಗುತ್ತದೆ. ಆಲ್ಕೋಹಾಲಿನಿಂದ ಜಿಗುಟು ಪೂರ್ತಿ ಹೋಗುವವರೆಗೆ ಒರೆಸಿ.

ಹೊಸದಾಗಿ ಸುತ್ತಿ ಬಳಿಯುವ ಮೊದಲು ಅದೇ ಬಾಟಲಿಗಳಿಂದ ತಲಾ 3 ಸಿಸಿ ಅಳೆದು ಬೆರೆಸಿ, ಪೆನ್ಸಿಲ್ಲಿಗೆ ಸುತ್ತಿದ ದಾರದ ಮೇಲೆ ಬಳಿದು ಒಂದು ದಿನ ನೋಡಿ. ಅದು ಗಟ್ಟಿಯಾದರೆ ಮಾಲು ಸರಿಯಿದೆ, ರಾಡಿಗೆ ಬಳಿಯಬಹುದು. ಎರಡನೇ ಪದರವನ್ನು 24 ಗಂಟೆಯೊಳಗೆ ಕೊಟ್ಟರೆ ಉಜ್ಜುವ ಕೆಲಸ ತಪ್ಪುತ್ತದೆ. ಮುಟ್ಟಿದರೆ ಅಂಟದ ಸ್ಥಿತಿ ಒಂದು ದಿನದಲ್ಲಿ ಬಂದರೂ ಪೂರ್ತಿ ಬಲ ಬರಲು ಸುಮಾರು ಒಂದು ವಾರ ಬೇಕು. ಅಲ್ಲಿಯವರೆಗೆ ರಾಡಿಗೆ ಲೈನ್ ಕಟ್ಟಿ ಬಾಗಿಸಿ ನೋಡಬೇಡಿ, ಚೀಲಕ್ಕೂ ತುರುಕಬೇಡಿ.